ಕೊಪ್ಪಳದಿಂದ ಹೋಗಿ ಮೊದಲ ಟಾಕ್ ಕೊಡುವುದು ಹೇಗೆ

ಕಂಪ್ಯೂಟರ್ ಕಾನ್ಫರೆನ್ಸ್‌ನಲ್ಲಿ ಮಾತಾಡೋಕೆ ದೊಡ್ಡ ವಿಷಯ ಬೇಕು ಅಂದುಕೊಂಡು ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಅರ್ಜಿಯನ್ನೇ ಹಾಕುವುದಿಲ್ಲ. ದೊಡ್ಡ ವಿಷಯ ಬೇಡ. ನೀವೇ ಎರಡು ದಿನ ಒದ್ದಾಡಿ ಬಿಡಿಸಿದ ಒಂದು ಸಣ್ಣ ತೊಡಕು ಸಾಕು.

ನನ್ನ ತೊಡಕು ನಮ್ಮೂರಿನ ಹೆಸರೇ ಆಗಿತ್ತು. ಊರುಗಳ ಎರಡು ಪಟ್ಟಿ ಕೂಡಿಸುತ್ತಿದ್ದೆ. ಎರಡರಲ್ಲೂ ‘ಕೊಪ್ಪಳ’ ಇದೆ, ಕಣ್ಣಿಗೆ ಒಂದೇ ಥರ ಕಾಣುತ್ತೆ, ಆದರೆ ಕಂಪ್ಯೂಟರ್ ಎರಡೂ ಬೇರೆ ಅನ್ನುತ್ತಿತ್ತು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ಹೆಸರಿನ ಉದ್ದ, ಅಂದರೆ ಅದರಲ್ಲಿ ಎಷ್ಟು ತುಂಡು ಇವೆ ಅಂತ, ಕೇಳಿದೆ. ಒಂದು 6, ಇನ್ನೊಂದು 7! ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕ, ಒಕಾರದ ಗುರುತು, ಪ, ಅರ್ಧಾಕ್ಷರದ ಗುರುತು, ಪ, ಳ ಅಂತ 6 ತುಂಡು. ಆದರೆ ಆ ಒಕಾರವನ್ನು ಎಕಾರ ಮತ್ತು ಊಕಾರದ ಎರಡು ಗುರುತಾಗಿ ಬಿಡಿಸಿಯೂ ಇಡಬಹುದು. ಆಗ 7. ಎರಡನ್ನೂ ಎನ್ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿಟ್ಟ ಗುರುತುಗಳನ್ನು ಮತ್ತೆ ಒಂದಾಗಿ ಕೂಡಿಸುವ ರೂಪಕ್ಕೆ, ತಂದರೆ ಸರಿಹೋಗುತ್ತೆ. ಒಂದೇ ಸಾಲಿನ ಕೋಡ್.

ವಿಷಯ ಸಿಕ್ಕ ಮೇಲೆ ಲ್ಯಾಪ್‌ಟಾಪ್ ತೆಗೆಯಬೇಡಿ. ಮೊದಲು ಕಾಗದದ ಮೇಲೆ ಬರೆಯಿರಿ. ಇದು ನನಗೆ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಬಂದ ರೂಢಿ. ದಿನಕ್ಕೆ ಒಂದೇ ತಾಸು, ಒಂದು ಕಂಪ್ಯೂಟರಿಗೆ ಇಬ್ಬರು. ಹಾಗಾಗಿ ಪ್ರೋಗ್ರಾಂ ಪೂರ್ತಿ ಮನೆಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಸಿ ಭಾಷೆಯ ಪ್ರೋಗ್ರಾಂ ಬರೆಯುವ ಟರ್ಬೊ ಸಿ ಯ ನೀಲಿ ಪರದೆಯಲ್ಲಿ ನಾಲ್ಕು ಸಾಲಿಗೊಮ್ಮೆ ಎಫ್2 ಒತ್ತಿ ಸೇವ್ ಮಾಡುವುದು, ಯಾಕಂದ್ರೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿರಲಿಲ್ಲ. ಆಮೇಲೆ ಪ್ರೋಗ್ರಾಂ ಓಡಿಸಲು ಕಂಟ್ರೋಲ್ ಎಫ್9. ಉತ್ತರ ಬಂದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಅರ್ಜಿಯಲ್ಲಿ ಮೂರು ವಿಷಯ ಬರೆಯಿರಿ: ತೊಂದರೆ ಏನು, ಹೇಗೆ ಬಿಡಿಸಿದಿರಿ, ಕೇಳುವವರು ಮನೆಗೆ ಏನು ಒಯ್ಯುತ್ತಾರೆ. ಪೈಥಾನ್ ಬಳಸುವವರು ಸೇರುವ ಪೈಕಾನ್ ಇಂಡಿಯಾದಂಥ ಸಮ್ಮೇಳನಗಳು ಕೆಲವು ತಿಂಗಳು ಮೊದಲೇ ಅರ್ಜಿ ಕರೆಯುತ್ತವೆ. ಪ್ರಯಾಣಕ್ಕೆ ಹಣದ ನೆರವು ಇದೆಯಾ ನೋಡಿ. ಇದ್ದರೆ ಸಂಕೋಚ ಇಲ್ಲದೆ ಕೇಳಿ, ಅದು ನಿಮ್ಮಂಥವರಿಗೇ ಇಟ್ಟಿರೋದು.

ಆಮೇಲೆ ಕಂಪ್ಯೂಟರ್ ಗೊತ್ತಿಲ್ಲದವರ ಮುಂದೆ ಒಮ್ಮೆ ಹೇಳಿ. ನಾನು ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಬೆರಳು ಮಡಿಚಿದಳು. “ಕೊ, ಪ್ಪ, ಳ. ಮೂರ ಅಕ್ಷರ ಅದಾವಲ್ಲೋ. ಆರು ಅಂತೈತೇನು ನಿನ್ನ ಮಷೀನು?” ನನ್ನ ಟಾಕ್ ಈ ಮಾತಿನಿಂದಲೇ ಶುರುವಾಯಿತು. ನಾನು ಬರೆದಿದ್ದ ಎರಡು ಪುಟದ ಪೀಠಿಕೆ ಪೂರ್ತಿ ತೆಗೆದುಹಾಕಿದೆ.

ಬೆಂಗಳೂರಿಗಾದರೆ ಹಂಪಿ ಎಕ್ಸ್‌ಪ್ರೆಸ್ ಸಾಕು. ರಾತ್ರಿ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಆದರೆ ಟಾಕ್ ಇರುವ ದಿನವೇ ಇಳಿಯುವ ಹಾಗೆ ಟಿಕೆಟ್ ಮಾಡಬೇಡಿ, ಒಂದು ದಿನ ಮೊದಲೇ ಹೋಗಿ. ಪ್ರೊಜೆಕ್ಟರಿಗೆ ಸಿಕ್ಕಿಸುವ ಕನೆಕ್ಟರ್ ನಿಮ್ಮದೇ ಇರಲಿ. ಸ್ಲೈಡ್‌ಗಳ ಪಿಡಿಎಫ್ ಒಂದು ಪೆನ್‌ಡ್ರೈವ್‌ನಲ್ಲಿ ಇರಲೇಬೇಕು. ಒಂದು ಕಡೆ ವೇದಿಕೆಯ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಲಿಲ್ಲ. ನನ್ನ ಸ್ಲೈಡ್ ತುಂಬಾ ಬರೀ ಚೌಕಗಳು. ಪಿಡಿಎಫ್ ಇದ್ದಿದ್ದರಿಂದ ಅವತ್ತು ಉಳಿದೆ.

ವೇದಿಕೆ ಮೇಲೆ ನಿಧಾನ ಮಾತಾಡಿ. ಇಂಗ್ಲಿಷ್ ತಡವರಿಸಿದರೆ ನಿಲ್ಲಿ, ನೀರು ಕುಡಿಯಿರಿ, ಮುಂದುವರಿಸಿ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಕೇಳಿದವರ ಇಮೇಲ್ ಬರೆದುಕೊಳ್ಳಿ. ಟಾಕ್ ಮುಗಿದ ತಕ್ಷಣ ಹೊರಗೆ ಓಡಬೇಡಿ. ಬಾಗಿಲ ಹತ್ತಿರ ಅರ್ಧ ತಾಸು ನಿಂತಿರಿ. ತಮಿಳಿನವರೊಬ್ಬರು ಅಲ್ಲೇ ಸಿಕ್ಕು, ತಮ್ಮ ಲಿಪಿಯ ಒಕಾರದಲ್ಲೂ ಇದೇ ತೊಡಕು ಇದೆ ಅಂತ ಬರೆದು ತೋರಿಸಿದರು. ನನ್ನ ಮುಂದಿನ ಟಾಕ್ ನಾವಿಬ್ಬರೂ ಸೇರಿ ಕೊಟ್ಟಿದ್ದು.

ಊರಿಗೆ ಬಂದ ಮೇಲೆ ನಾನು ಓದಿದ ಶಾಲೆಯಲ್ಲಿ ಶಾಲು ಹೊದಿಸಿದರು. ಕಣ್ಣು ತುಂಬಿ ಬಂತು. ನಿಮಗೂ ಅಂಥ ದಿನ ಬಂದರೆ ಲ್ಯಾಪ್‌ಟಾಪ್ ಜೊತೆಗೆ ಒಯ್ಯಿರಿ. ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಅವರವರ ಹೆಸರಿನ ಉದ್ದ ಟೈಪ್ ಮಾಡಿ ನೋಡಲು ಕೊಟ್ಟೆ. ಸಾಲು ಬಾಗಿಲ ಆಚೆವರೆಗೂ ಇತ್ತು.