ಕಾರಿನ ತೆಳು ತಗಡಿಗೆ ಮಿಗ್ ವೆಲ್ಡಿಂಗ್: ತೂತು ಬೀಳೋದು ನಿಂತದ್ದು ಹೀಗೆ

ಕಾರಿನ ಫ್ಲೋರ್‌ನ 0.8 ಮಿ.ಮೀ. ತಗಡಿಗೆ ತೇಪೆ ಹಾಕುವಾಗೆಲ್ಲ ತೂತು ಬೀಳುತ್ತಿತ್ತು. ಆರ್ಕ್ ಮೆಷಿನ್‌ನಲ್ಲಿ ಆಂಪಿಯರ್ ಇಳಿಸಿದರೆ ರಾಡ್ ಅಂಟಿಕೊಳ್ಳುತ್ತಿತ್ತು. ವೈರ್ ತಾನಾಗಿ ಹೊರಬಂದು ಕರಗಿ ಬೆಸೆಯುವ, ಗ್ಯಾಸ್ ಬಳಸುವ ಮಿಗ್ ಮೆಷಿನ್‌ಗೆ 1.2 ಮಿ.ಮೀ. ವೈರ್, ಬರೀ ಸಿಒ2 ಗ್ಯಾಸ್ ಹಾಕಿದರೂ ಅದೇ ಕಥೆ, ಕಿಡಿ ಬೇರೆ ಜಾಸ್ತಿ.

ಕೆಲಸ ಮಾಡಿದ ಸೆಟ್ಟಿಂಗ್: 0.8 ಮಿ.ಮೀ. ಸಾಲಿಡ್ ವೈರ್ (ಒಳಗೆ ಪುಡಿ ತುಂಬಿರದ್ದು), ಅದೇ ಅಳತೆಯ ಟಿಪ್ (ವೈರ್ ಹೊರಬರುವ ತುದಿ), ರೋಲರ್ (ವೈರ್ ತಳ್ಳುವ ಚಕ್ರ). ಗ್ಯಾಸ್ 80 ಭಾಗ ಆರ್ಗಾನ್, 20 ಭಾಗ ಸಿಒ2, ನಿಮಿಷಕ್ಕೆ 10 ಲೀಟರ್. ಟಾರ್ಚ್ (ಕೈಯಲ್ಲಿ ಹಿಡಿದು ವೆಲ್ಡ್ ಮಾಡುವ ಗನ್) ಪ್ಲಸ್‌ಗೆ, ಅರ್ತ್ ಮೈನಸ್‌ಗೆ. ವೋಲ್ಟೇಜ್ 16ರ ಆಸುಪಾಸು.

ಮೊದಲು ಪೇಂಟ್, ತುಕ್ಕು ಪೂರ್ತಿ ಉಜ್ಜಿ ತೆಗೆಯಿರಿ. ಹಿಂದೆ ತಾಮ್ರದ ಪಟ್ಟಿ ಒತ್ತಿಡಿ, ಬಿಸಿ ಅದು ಎಳೆದುಕೊಳ್ಳುತ್ತದೆ. ಇಂಚಿಗೊಂದು ಟ್ಯಾಕ್ (ಚುಕ್ಕೆಯಂಥ ಚಿಕ್ಕ ಬೆಸುಗೆ) ಹಾಕಿ. ನಿಲ್ಲಿಸದೆ ಉದ್ದಕ್ಕೆ ವೆಲ್ಡ್ ಎಳೆಯಲೇಬೇಡಿ. ಸೆಕೆಂಡಿನಷ್ಟು ಟ್ರಿಗರ್ ಒತ್ತಿ ಬಿಟ್ಟು, ಎದುರು ತುದಿಗೆ ಹೋಗಿ. ಆರಿದ ಮೇಲೆ ಮಧ್ಯ ತುಂಬಿ.

ಹೊಸ ಮಿಗ್ ಕೊಳ್ಳುವವರು ವೋಲ್ಟೇಜ್, ವೈರ್ ಸ್ಪೀಡ್ ಎರಡಕ್ಕೂ ಬೇರೆ ಬೇರೆ ನಾಬ್ ಇರುವುದನ್ನೇ ಕೇಳಿ.