ನಾಲ್ಕಡಿ ಟ್ಯಾಂಕ್‌ಗೆ ನಾನೇ ಮಾಡಿಕೊಂಡ ಟಾಪ್: ಲೈಟ್ ಸುಲಭ, ಗಾಳಿ ಕಷ್ಟ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಮೀನಿನ ಟ್ಯಾಂಕಿನ ಮೇಲೆ ಮುಚ್ಚುವ ರೆಡಿಮೇಡ್ ಟಾಪ್‌ಗಳನ್ನು ಸುಮ್ನೆ ಒಮ್ಮೆ ತಿರುಗಿಸಿ ನೋಡಿ. ಮುಂದೆ ಒಂದು ಮುಚ್ಚಳ, ಒಳಗೆ ಒಂದು ಟ್ಯೂಬ್, ಹಿಂದೆ ಪೈಪು ವೈರು ಹೋಗಲು ಒಂದೆರಡು ತೂತು. ಅಷ್ಟೇ. ಗಾಳಿ ಎಲ್ಲಿಂದ ಒಳಗೆ ಬರಬೇಕು, ಎಲ್ಲಿಂದ ಹೊರಗೆ ಹೋಗಬೇಕು ಅಂತ ಯಾರೂ ಯೋಚನೆ ಮಾಡಿದ ಹಾಗೆ ಕಾಣುವುದಿಲ್ಲ. ನಾನಿರುವುದು ದಾವಣಗೆರೆಯಲ್ಲಿ. ಏಪ್ರಿಲ್ ಬಂದರೆ ಹೊರಗೆ 38 ಡಿಗ್ರಿ ಮಾಮೂಲು, ಮೇಲೆ ಮುಚ್ಚಿದ ಟ್ಯಾಂಕಿನ ನೀರು 32ರ ಹತ್ತಿರ ಬಂದು ಕೂತುಬಿಡುತ್ತದೆ.

ಸಿಕ್ಲಿಡ್, ಗೌರಾಮಿ ಸಾಕುವವರಿಗೆ ಇದು ದೊಡ್ಡ ವಿಷಯ ಅಲ್ಲ. ನನ್ನ ಟ್ಯಾಂಕಿನಲ್ಲಿರುವುದು ಮಿಸ್ ಕೇರಳ. ಪಶ್ಚಿಮ ಘಟ್ಟದ ಹರಿಯುವ ಹೊಳೆಗಳ ಮೀನು, ಮೈ ಉದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಕೆಂಪು. ಕಾಡಿನಿಂದ ಮಿತಿಮೀರಿ ಹಿಡಿದು ಮಾರಿ ಈಗ ಅಳಿವಿನಂಚಿನ ಪಟ್ಟಿಗೆ ಸೇರಿದೆ, ಹಾಗಾಗಿ ಫಾರಂನಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ ತಂದಿದ್ದೇನೆ. ಅವಕ್ಕೆ ಒಗ್ಗುವುದು 15ರಿಂದ 25 ಡಿಗ್ರಿ. 25 ಡಿಗ್ರಿಯ ನೀರು ಲೀಟರ್‌ಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಆಮ್ಲಜನಕ ಹಿಡಿದುಕೊಳ್ಳುತ್ತದೆ, 32ಕ್ಕೆ ಹೋದರೆ ಅದು 7.3ರ ಆಸುಪಾಸಿಗೆ ಇಳಿಯುತ್ತದೆ. ಹೊಳೆಯ ಮೀನಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ, ಬಾಯಿ ಮೇಲೆ ಮಾಡಿಕೊಂಡು ತೇಲುತ್ತವೆ. ಹಾಗಂತ ಟಾಪ್ ತೆಗೆದಿಟ್ಟರೆ ಹಾರಿ ಹೊರಗೆ ಬೀಳುತ್ತವೆ, ಎಗರುವುದರಲ್ಲಿ ಬಲು ಜೋರು. ಮುಚ್ಚಲೂ ಬೇಕು, ಗಾಳಿಯೂ ಆಡಬೇಕು. ನೀರು ತಣ್ಣಗೆ ಮಾಡುವ ಯಂತ್ರ, ಅಂದರೆ ಚಿಲ್ಲರ್ ಕೊಳ್ಳುವ ದುಡ್ಡಿನಲ್ಲಿ ಇನ್ನೆರಡು ಟ್ಯಾಂಕ್ ಇಡಬಹುದು, ಅದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಟ್ಯಾಂಕಿನ ಅಳತೆ 48 ಇಂಚು ಉದ್ದ, 18 ಅಗಲ, 18 ಎತ್ತರ. ಕಲ್ಲು ಮರಳು ಕಳೆದರೆ ಸುಮಾರು 220 ಲೀಟರ್ ನೀರು. ಟಾಪ್‌ನ ಒಳ ಅಳತೆ 48.5 ಮತ್ತು 18.5 ಇಟ್ಟುಕೊಂಡೆ, ಅಂದರೆ ಸುತ್ತಲೂ ಕಾಲಿಂಚು ಬಿಡುವು. ಕಮ್ಮಿ ಬಿಟ್ಟರೆ ಬಣ್ಣ ಬಳಿದ ಮೇಲೆ ಬಿಗಿಯಾಗಿ ಗಾಜಿನ ಮೇಲೆ ಕೂರುವುದೇ ಇಲ್ಲ. ಎತ್ತರ 10 ಇಂಚು. ಇಷ್ಟೆತ್ತರ ಯಾಕೆ ಅಂದರೆ, ಫ್ಯಾನನ್ನು ಓರೆಯಾಗಿ ಕೂರಿಸಲು ಜಾಗ ಬೇಕು, ಲೈಟು ನೀರಿನಿಂದ ದೂರ ಇದ್ದಷ್ಟೂ ಬೆಳಕು ಸಮನಾಗಿ ಹರಡುತ್ತದೆ.

ಮರದ ವಿಷಯಕ್ಕೆ ಬಂದರೆ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ. ನೀರು ತಾಗಿದರೆ ಉಬ್ಬಿ ಪುಡಿಯಾಗುತ್ತದೆ. ಮಾಮೂಲಿ ಕಮರ್ಷಿಯಲ್ ಪ್ಲೈವುಡ್ ಕೂಡ ಈ ತೇವಕ್ಕೆ ಪದರ ಬಿಡುತ್ತದೆ. ನಾನು ತಂದದ್ದು 12 ಎಂಎಂ ಮರೈನ್ ಪ್ಲೈ, ಹಾಳೆಯ ಮೇಲೆ ಐಎಸ್ 710 ಅಂತ ಮರೈನ್ ಪ್ಲೈ ಮಾನದಂಡದ ಮುದ್ರೆ ಇರುತ್ತದೆ, ನೋಡಿಯೇ ತಗೊಳ್ಳಿ. ಪಿವಿಸಿ ಫೋಮ್ ಬೋರ್ಡಿನಲ್ಲೂ ಮಾಡಬಹುದು, ನೀರು ತಾಗಿದರೆ ಅದಕ್ಕೆ ಏನೂ ಆಗುವುದಿಲ್ಲ, ಆದರೆ ನಾಲ್ಕಡಿ ಉದ್ದಕ್ಕೆ ನಡುವೆ ಬಾಗುತ್ತದೆ ಮತ್ತು ಸ್ಕ್ರೂ ಹಿಡಿತ ಕಮ್ಮಿ. ಎರಡಡಿ ಟ್ಯಾಂಕ್ ಆಗಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ.

ಹಾಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕೊಟ್ಟಿದ್ದು ಪ್ಲೈವುಡ್ ಅಂಗಡಿ ಪಕ್ಕದ ಮಿಸ್ತ್ರಿ. ಪಕ್ಕದ ಹಲಗೆಯಲ್ಲಿ ದುಂಡಗೆ ದೊಡ್ಡ ತೂತು ಯಾಕೆ ಅಂತ ಕೇಳಿದರು. ಫ್ಯಾನಿಗೆ ಅಂದೆ. "ಏನ್ ಸಾರ್, ಮೀನಿಗೂ ಫ್ಯಾನಾ? ನಮ್ ಶೆಡ್ಡಲ್ಲೇ ಇಲ್ಲ" ಅಂದರು. ಮಾತು ನ್ಯಾಯವೇ.

ಜೋಡಣೆಗೆ ಫೆವಿಕಾಲ್ ಮರೈನ್ ಮತ್ತು ಸ್ಟೇನ್‌ಲೆಸ್ ಸ್ಕ್ರೂ. ಕಬ್ಬಿಣದ ಸ್ಕ್ರೂ ಹಾಕಿದರೆ ಒಂದು ಮಳೆಗಾಲದೊಳಗೆ ತುಕ್ಕಿನ ಗೆರೆ ಇಳಿಯುತ್ತದೆ. ಮುಂದಿನ ಮುಚ್ಚಳಕ್ಕೆ ಉದ್ದಕ್ಕೂ ಸ್ಟೇನ್‌ಲೆಸ್ ಪಿಯಾನೋ ಹಿಂಜ್. ಹಿತ್ತಾಳೆಯದು ನೋಡಲು ಚೆಂದ, ಆದರೆ ಅದರಲ್ಲಿ ತಾಮ್ರ ಇದೆ, ಅದರ ಮೇಲಿಂದ ಹನಿ ನೀರಿಗೆ ಬೀಳುತ್ತದೆ. ತಾಮ್ರ ಸಿಗಡಿಗೂ ಬಸವನಹುಳುವಿಗೂ ವಿಷ.

ಟಾಪ್ ಗಾಜಿನ ಮೇಲೆ ಕೂರುವುದು ಒಳಗೆ ಸುತ್ತಲೂ ಹೊಡೆದ ರೀಪರ್ (ಸಣ್ಣ ಮರದ) ಪಟ್ಟಿಯ ಮೇಲೆ. ಪಟ್ಟಿಯನ್ನು ಕೆಳ ಅಂಚಿನಿಂದ ಒಂದೂವರೆ ಇಂಚು ಮೇಲೆ ಹೊಡೆದಿದ್ದೇನೆ, ಆಗ ಹೊರಗಿನ ಹಲಗೆ ಇಳಿದು ನೀರಿನ ಗೆರೆಯನ್ನು ಮುಚ್ಚುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಒಳಗೋಡೆಯ ಬೆವರು ಕೆಳಗೆ ಇಳಿದು ಇದೇ ಪಟ್ಟಿಯ ಮೇಲೆ ನಿಲ್ಲುತ್ತದೆ, ಅಲ್ಲಿಂದ ಗಾಜಿನ ಹೊರಮೈಗೆ ಹೋಗಿ, ಸ್ಟ್ಯಾಂಡಿನ ಮೇಲೆ ಜಿನುಗಿ, ಟ್ಯಾಂಕ್ ಸೋರುತ್ತಿದೆಯೇನೋ ಅಂತ ಭಯ ಹುಟ್ಟಿಸುತ್ತದೆ. ಪಟ್ಟಿಯ ಮೇಲ್ಮೈಯನ್ನು ಟ್ಯಾಂಕಿನ ಒಳಗಡೆಗೆ ಇಳಿಜಾರು ಬರುವಂತೆ ಹೆರೆದು, ಗೋಡೆ ಪಟ್ಟಿ ಸೇರುವ ಮೂಲೆಗೆ ಸಿಲಿಕೋನ್ ಎಳೆದರೆ ಹನಿ ಮತ್ತೆ ಟ್ಯಾಂಕಿಗೇ ಬೀಳುತ್ತದೆ. ಪಟ್ಟಿಯ ಅಡಿಗೆ ರಬ್ಬರ್ ಬೀಡಿಂಗ್ ಕೂಡ ಅಂಟಿಸಿ. ಹತ್ತು ಕಿಲೋ ತೂಕ ಗಾಜಿನ ಅಂಚಿನ ಯಾವುದೋ ಒಂದು ಉಬ್ಬಿನ ಮೇಲೆ ಕೂರಬಾರದು.

ಪ್ಲೈ ನೀರು ಕುಡಿಯುವುದು ಮುಖದಿಂದ ಅಲ್ಲ, ಅಂಚಿನಿಂದ. ಕತ್ತರಿಸಿದ ಎಲ್ಲ ಅಂಚಿಗೂ, ಫ್ಯಾನಿನ ತೂತಿನ ಒಳಸುತ್ತಿಗೂ, ಸ್ಕ್ರೂ ತೂತಿಗೂ ತೆಳು ಎಪಾಕ್ಸಿ ಕುಡಿಸಿದೆ. ಅದು ಹೀರಿಕೊಂಡ ಮೇಲೆ ಇನ್ನೊಂದು ಸಲ. ಒಳಮೈಗೆ ಪ್ರೈಮರ್, ಮೇಲೆ ಬಿಳಿ ಎನಾಮೆಲ್. ಬಿಳಿ ಯಾಕೆ ಅಂದರೆ ಪಕ್ಕಕ್ಕೆ ಚೆಲ್ಲುವ ಬೆಳಕೂ ವಾಪಸ್ ನೀರಿಗೇ ಬರುತ್ತದೆ, ಬೂಷ್ಟು ಬಂದರೆ ಬೇಗ ಕಣ್ಣಿಗೆ ಬೀಳುತ್ತದೆ. ಹೊರಗೆ ಮನೆಯ ಕಪಾಟಿಗೆ ಹೊಂದುವ ಮೈಕಾ. ಬಣ್ಣದ ವಾಸನೆ ಪೂರ್ತಿ ಹೋಗುವ ತನಕ ಟಾಪನ್ನು ಟೆರೇಸ್ ನೆರಳಿನಲ್ಲೇ ಬಿಟ್ಟಿದ್ದೆ. ಮೂಗು ಒಳಗಿಟ್ಟು ನೋಡಿ, ವಾಸನೆ ಬಂದರೆ ಇನ್ನೂ ಕಾಯಿರಿ. ಅಂದ ಹಾಗೆ ಏರ್ ಪಂಪನ್ನು ಟಾಪ್ ಒಳಗೆ ಇಡಬೇಡಿ. ಅಲ್ಲಿನ ಬಿಸಿ ತೇವದ ಗಾಳಿಯನ್ನೇ ಅದು ಎಳೆದು ನೀರಿಗೆ ಊದುತ್ತದೆ.

ಈಗ ಗಾಳಿ. ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದದ್ದು ಇಲ್ಲೇ.

ಫ್ಯಾನು ನೀರನ್ನು ತಣ್ಣಗೆ ಮಾಡುವುದು ಬರೀ ಗಾಳಿ ಬೀಸಿ ಅಲ್ಲ, ನೀರನ್ನು ಆವಿ ಮಾಡಿ. ಮಣ್ಣಿನ ಮಡಕೆ ಮಾಡುವುದೂ ಇದನ್ನೇ. ಈ ಬಿಸಿಲಿನಲ್ಲಿ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,430 ಕಿಲೋಜೌಲ್ ಶಾಖ ಬೇಕು, ಅದರ ಬಹುಪಾಲನ್ನು ಉಳಿದ ನೀರಿನಿಂದಲೇ ಎಳೆದುಕೊಳ್ಳುತ್ತದೆ. ನನ್ನ 220 ಲೀಟರ್ ನೀರು ಒಂದು ಡಿಗ್ರಿ ಇಳಿಯಲು 920 ಕಿಲೋಜೌಲ್ ಹೋಗಬೇಕು. ಲೆಕ್ಕದ ಪ್ರಕಾರ ಒಂದು ಲೀಟರ್ ಆವಿಯಾದರೆ ಎರಡೂವರೆ ಡಿಗ್ರಿ ಇಳಿಯಬೇಕು. ನಿಜದಲ್ಲಿ ಅಷ್ಟು ಇಳಿಯುವುದಿಲ್ಲ, ಕೋಣೆಯ ಬಿಸಿ ಗಾಜಿನ ಮೂಲಕ ಮತ್ತೆ ಒಳಗೆ ಬರುತ್ತಲೇ ಇರುತ್ತದೆ. ಆದರೂ ನಮ್ಮೂರಿನ ಒಣ ಬೇಸಿಗೆಯಲ್ಲಿ ದಿನಕ್ಕೆ ಮೂರ್ನಾಲ್ಕು ಲೀಟರ್ ಆವಿಯಾಗುತ್ತದೆ, 32ರ ನೀರು 28ಕ್ಕೆ ಬಂದು ನಿಲ್ಲುತ್ತದೆ. 28 ಅವಕ್ಕೆ ಇಷ್ಟ ಅಂತಲ್ಲ, ತಡೆದುಕೊಳ್ಳುತ್ತವೆ. ಮಂಗಳೂರು, ಉಡುಪಿ ಕಡೆಯವರು ಇದೇ ಫಲ ನಿರೀಕ್ಷಿಸಬೇಡಿ. ಗಾಳಿಯಲ್ಲೇ ಅಷ್ಟು ತೇವ ಇದ್ದಾಗ ನೀರು ಆವಿಯಾಗಲು ಒಪ್ಪುವುದಿಲ್ಲ.

ಹೆಚ್ಚಿನವರು ಫ್ಯಾನನ್ನು ಒಳಗಿನ ಗಾಳಿ ಹೊರಗೆ ಎಳೆಯುವ ಹಾಗೆ ಕೂರಿಸುತ್ತಾರೆ. ನಾನು ಉಲ್ಟಾ ಮಾಡಿದ್ದೇನೆ. ಹೊರಗೆಳೆಯುವ ಫ್ಯಾನಿನ ಮೋಟರ್ ಮೂಲಕ ದಿನವಿಡೀ ಒದ್ದೆ ಗಾಳಿ ಹೋಗುತ್ತದೆ, ಬೇರಿಂಗ್ ಬೇಗ ಹಾಳಾಗುತ್ತದೆ. ಒಳಗೆ ತಳ್ಳುವ ಫ್ಯಾನು ಕೋಣೆಯ ಒಣ ಗಾಳಿ ತಗೊಳ್ಳುತ್ತದೆ, ಅದನ್ನು ನೇರ ನೀರಿನ ಮೈ ಮೇಲೆ ಹೊಡೆಯುತ್ತದೆ. ಎಡ ಪಕ್ಕದ ಹಲಗೆಗೆ ಓರೆ ಮರದ ತುಂಡು ಕೊಟ್ಟು 120 ಎಂಎಂ ಕಂಪ್ಯೂಟರ್ ಫ್ಯಾನನ್ನು ನೀರಿನ ಕಡೆ ಬಾಗಿಸಿ ಕೂರಿಸಿದೆ. ಇನ್ನೊಂದು ಅಂಥದ್ದೇ ಫ್ಯಾನು ಹಿಂದಿನ ಹಲಗೆಯ ಎಡ ಮೂಲೆಯಲ್ಲಿ. ಗಾಳಿ ಹೊರಗೆ ಹೋಗುವ ಕಿಂಡಿ ಹಿಂದಿನ ಹಲಗೆಯ ಬಲಗಡೆ, ಮೇಲಂಚಿಗೆ ಹತ್ತಿರ, 60 ಸೆಂಟಿಮೀಟರ್ ಉದ್ದ 8 ಎತ್ತರ. ಗಾಳಿ ಎಡದಿಂದ ಬಂದು ಇಡೀ ನೀರಿನ ಮೇಲೆ ಹಾದೇ ಬಲಗಡೆಗೆ ಹೋಗಬೇಕು. ಕಿಂಡಿಯನ್ನು ಫ್ಯಾನಿನ ಪಕ್ಕದಲ್ಲೇ ಕೊಟ್ಟರೆ ಗಾಳಿ ಅಲ್ಲೇ ಸುತ್ತಿ ಹೊರಟುಹೋಗುತ್ತದೆ, ಇನ್ನೊಂದು ತುದಿ ಬೆವರುತ್ತಾ ಕೂರುತ್ತದೆ.

ಕಿಂಡಿ ಇಷ್ಟು ದೊಡ್ಡದು ಯಾಕೆ ಅಂದರೆ, ಒಂದು ಫ್ಯಾನಿನ ಬಾಯಿ ಸುಮಾರು 113 ಚದರ ಸೆಂಟಿಮೀಟರ್, ಎರಡಕ್ಕೆ 226. ಕಿಂಡಿ 480, ಅಂದರೆ ಎರಡರಷ್ಟಕ್ಕಿಂತ ಜಾಸ್ತಿ. ಸೊಳ್ಳೆ ಬಾರದಂತೆ, ಮೀನು ಹಾರದಂತೆ ಕಿಂಡಿಗೆ ಫೈಬರ್ ಸೊಳ್ಳೆ ಪರದೆ ಹೊಡೆಯಲೇಬೇಕು, ಪರದೆ ಅರ್ಧ ಗಾಳಿಯನ್ನು ತಡೆಯುತ್ತದೆ. ಕಬ್ಬಿಣದ ಜಾಲರಿ ಬೇಡ, ಕಾರಣ ಆಗಲೇ ಹೇಳಿದೆ.

ಲೈಟಿನ ಕಥೆ ಚಿಕ್ಕದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಬೋರ್ಡುಗಳಿಗೆ ಹಾಕುವ 12 ವೋಲ್ಟ್ ಎಲ್‌ಇಡಿ ಮಾಡ್ಯೂಲ್ ಸಾಲಾಗಿ ಸಿಗುತ್ತದೆ. ಮಳೆ ಬಿಸಿಲಿಗೆ ಅಂತಲೇ ಸೀಲ್ ಮಾಡಿರುತ್ತಾರೆ, ಅಗಲಕ್ಕೆ ಚೆಲ್ಲುವ ಲೆನ್ಸ್ ಇರುತ್ತದೆ. ಒಂದೊಂದು ಒಂದೂವರೆ ವ್ಯಾಟಿನ, 6500 ಕೆಲ್ವಿನ್ ಬಿಳಿಯ 40 ಮಾಡ್ಯೂಲ್ ತಂದೆ. ಒಟ್ಟು 60 ವ್ಯಾಟ್, 12 ವೋಲ್ಟಿನಲ್ಲಿ 5 ಆಂಪಿಯರ್. ಅನುಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾದಂಥ ಗಿಡಗಳು ಇರುವ ಟ್ಯಾಂಕಿಗೆ ಇದು ಧಾರಾಳ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಎಳೆದರೆ ಕೊನೆಯವು ಮಂಕಾಗುತ್ತವೆ, ವೋಲ್ಟೇಜ್ ದಾರಿಯಲ್ಲೇ ಬೀಳುತ್ತದೆ. 20ರ ಎರಡು ಸಾಲು ಮಾಡಿ ಬೇರೆ ಬೇರೆ ವೈರಿನಿಂದ ಕರೆಂಟ್ ಕೊಟ್ಟಿದ್ದೇನೆ. ಸಾಲುಗಳು ಅಲ್ಯೂಮಿನಿಯಂ ಪಟ್ಟಿಯ ಮೇಲೆ, ಪಟ್ಟಿ ಮೇಲಿನ ಹಲಗೆಯಿಂದ ಅರ್ಧ ಇಂಚು ಕೆಳಗೆ, ನಡುವೆ ಗಾಳಿ ಆಡಲು. ಹಿಂದಿರುವ ಡಬಲ್ ಟೇಪನ್ನು ನಂಬಬೇಡಿ, ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಸ್ಕ್ರೂ ಹಾಕಿ. ಒಂದು ಸಾಲನ್ನು ಮುಂದಿನ ಗಾಜಿಗೆ ಹತ್ತಿರ ಇಟ್ಟರೆ ನಮ್ಮ ಕಡೆ ಇರುವ ಮೀನಿನ ಮೈ ಮೇಲೆ ಬೆಳಕು ಬಿದ್ದು ಕೆಂಪು ಎದ್ದು ಕಾಣುತ್ತದೆ. ಎಲ್ಲ ಹಿಂದೆ ಇಟ್ಟರೆ ಮೀನು ಬರೀ ನೆರಳು.

ಎಲ್‌ಇಡಿ ಬಿಸಿಯಾಗುವುದಿಲ್ಲ ಅನ್ನುವವರಿಗೆ ಒಂದು ಲೆಕ್ಕ. 60 ವ್ಯಾಟ್ ಎಂಟು ಗಂಟೆ ಉರಿದರೆ ಸುಮಾರು 1,700 ಕಿಲೋಜೌಲ್. ಮುಚ್ಚಿದ ಡಬ್ಬದಲ್ಲಿ ಅದರ ಅರ್ಧ ನೀರಿಗೆ ಹೋದರೂ ಒಂದು ಡಿಗ್ರಿ ಏರಿತು ಅಂತಲೇ ಅರ್ಥ. ಹಾಗಾಗಿ ಬೇಸಿಗೆಯಲ್ಲಿ ಲೈಟನ್ನು ಮಧ್ಯಾಹ್ನ ಹಾಕುವುದೇ ಇಲ್ಲ, ಟೈಮರ್ ಸಂಜೆ ನಾಲ್ಕಕ್ಕೆ ಶುರು.

ಟಾಪ್ ಒಳಗೆ 12 ವೋಲ್ಟ್ ಬಿಟ್ಟು ಬೇರೇನೂ ಹೋಗಬಾರದು. ಇದೊಂದು ವಿಷಯದಲ್ಲಿ ರಾಜಿ ಬೇಡ. 100 ವ್ಯಾಟಿನ ಪವರ್ ಸಪ್ಲೈ ಹೊರಗೆ ಗೋಡೆಯ ಮೇಲಿದೆ. ವೈರುಗಳು ಟ್ಯಾಂಕಿನಿಂದ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಿ ಪ್ಲಗ್ಗಿಗೆ ಹೋಗುತ್ತವೆ, ವೈರು ಹಿಡಿದು ಬಂದ ಹನಿ ಕೆಳಗಿನ ಬಾಗಿನಲ್ಲೇ ಬೀಳುತ್ತದೆ. ಮನೆಯ ಮೈನ್‌ನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಟಾಪ್ ಮಾಡುವ ಮೊದಲು ಅದನ್ನು ಹಾಕಿಸಿ.

ಪಕ್ಕದ ಫ್ಯಾನನ್ನು ನೋಡಿಕೊಳ್ಳುವುದು ಡಬ್ಲ್ಯು 1209 ಅನ್ನುವ ಚಿಕ್ಕ ಥರ್ಮೋಸ್ಟಾಟ್ ಬೋರ್ಡ್. ಕೂಲಿಂಗ್ ಮೋಡ್, 28 ಡಿಗ್ರಿ, ಫ್ಯಾನು ಶುರುವಾಗುವುದಕ್ಕೂ ನಿಲ್ಲುವುದಕ್ಕೂ ನಡುವೆ ಒಂದು ಡಿಗ್ರಿ ಅಂತರ. ಅಂತರ ತೀರಾ ಕಮ್ಮಿ ಇಟ್ಟರೆ ಅದರ ಸ್ವಿಚ್ಚಾದ ರಿಲೇ ರಾತ್ರಿಯೆಲ್ಲ ಟಿಕ್ ಟಿಕ್ ಅನ್ನುತ್ತದೆ. ಈ ಫ್ಯಾನಿನ ವೈರು ವೈಫೈ ರೂಟರಿಗೆ ಇಡುವ 12 ವೋಲ್ಟ್ ಮಿನಿ ಯುಪಿಎಸ್ ಮೂಲಕ ಹೋಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗುವುದೇ ಮಟಮಟ ಮಧ್ಯಾಹ್ನ ಅಲ್ವಾ, ಫಿಲ್ಟರ್ ನಿಂತರೂ ನೀರಿನ ಮೇಲೆ ಗಾಳಿಯಾದರೂ ಆಡುತ್ತಿರುತ್ತದೆ.

ಇಷ್ಟು ಆವಿಯಾದ ನೀರನ್ನು ತುಂಬುವಾಗ ಒಂದು ವಿಷಯ ನೆನಪಿರಲಿ. ಹಾರಿಹೋಗುವುದು ನೀರು ಮಾತ್ರ, ಅದರ ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ದಿನಾ ಬೋರ್‌ವೆಲ್ ನೀರನ್ನೇ ತುಂಬುತ್ತಾ ಹೋದರೆ ಗಡಸುತನ ಏರುತ್ತಲೇ ಹೋಗುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಕಟ್ಟುತ್ತದೆ. ನಾನು ಅಡುಗೆಮನೆಯ ಆರ್‌ಒದ ಕುಡಿಯುವ ನೀರನ್ನು ತುಂಬುತ್ತೇನೆ, ಹೊರಗೆ ಬಿಡುವ ವೇಸ್ಟ್ ನೀರನ್ನಲ್ಲ. ವಾರದ ನೀರು ಬದಲಾವಣೆಗೆ ಮಾತ್ರ ಬೋರ್ ನೀರು.

ಹಿಂದಿನ ಫ್ಯಾನಿಗೂ ಥರ್ಮೋಸ್ಟಾಟಿಗೂ ಸಂಬಂಧ ಇಲ್ಲ. ಜುಲೈನಿಂದ ಜನವರಿ ತನಕ ನೀರು 28 ಮುಟ್ಟುವುದೇ ಅಪರೂಪ, ಆಗ ಪಕ್ಕದ ಫ್ಯಾನು ಸುಮ್ಮನೆ ಕೂತಿರುತ್ತದೆ. ಆದರೆ ಟಾಪ್ ಬೆವರುವುದು ಜಾಸ್ತಿ ಅದೇ ತಿಂಗಳುಗಳಲ್ಲಿ, ಮರ ಕೊಳೆಯುವುದೂ ಆಗಲೇ. ಅದಕ್ಕೇ ಈ ಎರಡನೇ ಫ್ಯಾನನ್ನು ಲೈಟಿನ ಟೈಮರಿಗೆ ಸೇರಿಸಿ, ಎಲ್‌ಎಂ 2596 ಬಕ್ ಕನ್ವರ್ಟರ್‌ನಿಂದ 7 ವೋಲ್ಟಿಗೆ ಇಳಿಸಿದ್ದೇನೆ. ಹತ್ತಿರ ಕೂತರೂ ಸದ್ದು ಕೇಳುವುದಿಲ್ಲ, ನೀರು ತಣ್ಣಗಾಗುವಷ್ಟು ಬೀಸುವುದಿಲ್ಲ, ಒಳಗೋಡೆ ಒಣಗುವಷ್ಟು ಬೀಸುತ್ತದೆ. ಕಿಂಡಿಯ ಪರದೆಯಲ್ಲಿ ಧೂಳು ಕಟ್ಟಿದಾಗ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಟಾಪ್ ಇಳಿಸುವುದೇ ಬೇಡ, ಹಿಂದೆ ಕೈ ಹೋಗುವಷ್ಟು ಜಾಗವನ್ನು ಗೋಡೆಯಿಂದ ಬಿಟ್ಟಿರಬೇಕು ಅಷ್ಟೇ.