ಎದ್ದ ಲ್ಯಾಪ್‌ಟಾಪ್, ಏಳದ ಕೀಲಿಮಣೆ: ಲಿನಕ್ಸ್ ಕರ್ನಲ್‌ನಲ್ಲೇ ಸರಿಪಡಿಸುವುದು ಹೇಗೆ?

ಲ್ಯಾಪ್‌ಟಾಪ್ ಮುಚ್ಚಿಟ್ಟು ಊಟಕ್ಕೆ ಹೋಗುತ್ತೀರಿ. ಬಂದು ತೆರೆದರೆ ಪರದೆ ಬೆಳಗುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಕೀಲಿ ಒತ್ತಿದರೆ ಮಾತ್ರ ಒಂದಕ್ಷರವೂ ಮೂಡುವುದಿಲ್ಲ. ಮರುಚಾಲನೆ ಮಾಡಿದರೆ ಎಲ್ಲ ಸರಿ. ಹಾಗಿದ್ದರೆ ಕೀಲಿಮಣೆಯೇ ಕೆಟ್ಟಿರುವ ಸಾಧ್ಯತೆ ಕಡಿಮೆ.

1984ರ ಐಬಿಎಂ ಪಿಸಿ ಎಟಿಯಲ್ಲಿ ಕೀಲಿಮಣೆಯ ಉಸ್ತುವಾರಿ ಇಂಟೆಲ್‌ನ 8042 ಎಂಬ ಪುಟ್ಟ ಚಿಪ್‌ನದಾಗಿತ್ತು. ಆ ಚಿಪ್ ಈಗಿಲ್ಲ. ಆದರೆ ಇಂದಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬೇರೊಂದು ಕಂಟ್ರೋಲರ್ ಅದರದೇ ವೇಷ ತೊಟ್ಟು ಕರ್ನಲ್ (ಯಂತ್ರಾಂಶವನ್ನು ನಡೆಸುವ ಲಿನಕ್ಸ್‌ನ ತಿರುಳು) ಜೊತೆ ಮಾತಾಡುತ್ತದೆ. ನಿದ್ರೆಯಿಂದ ಏಳುವಾಗ ಕೆಲವು ಯಂತ್ರಗಳಲ್ಲಿ ಈ ವೇಷ ಕಳಚಿಬೀಳುತ್ತದೆ.

ಮೊದಲು ಒಂದು ಯುಎಸ್‌ಬಿ ಕೀಲಿಮಣೆ ಚುಚ್ಚಿಕೊಳ್ಳಿ. ಅದರ ಡ್ರೈವರ್ ಬೇರೆ, ದಾರಿಯೂ ಬೇರೆ. ಒಳಗಿನದು ಮೂಕವಾದಾಗ ಕೈಹಿಡಿಯುವುದು ಅದೇ. ಬಳಿಕ ಕರ್ನಲ್ ದಿನಚರಿಯಲ್ಲಿ (ಲಾಗ್) ‘ಐ8042’ ಹೆಸರಿನ ಸಾಲುಗಳನ್ನು ಹುಡುಕಿ, ತೆಗೆದಿಟ್ಟುಕೊಳ್ಳಿ.

ಈಗ ಪ್ರಯೋಗ. ಯಂತ್ರ ಶುರುವಾಗುವಾಗ ಕರ್ನಲ್ ಆರಿಸಲು ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಪದದಿಂದ ಶುರುವಾಗುವ ಸಾಲಿನ ಕೊನೆಗೆ ‘ಐ8042.ನೋಮಕ್ಸ್’ ಎಂದು ಸೇರಿಸಿ (ಟೈಪಿಸಬೇಕಾದ್ದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ). ಟಚ್‌ಪ್ಯಾಡ್‌ನ ಪೋರ್ಟನ್ನು ನಾಲ್ಕಾಗಿ ಹಂಚುವ ಏರ್ಪಾಡಿನ ಗೊಡವೆಗೆ ಹೋಗಬೇಡ ಎಂದು ಇದರರ್ಥ. ಫಲ ಸಿಗದಿದ್ದರೆ ಮುಂದಿನ ಸಲ ಇದನ್ನು ಬಿಟ್ಟು ‘ಐ8042.ರೀಸೆಟ್’, ಆಮೇಲೆ ‘ಐ8042.ನೋಪಿಎನ್‌ಪಿ’ ಹಾಕಿ ನೋಡಿ. ಈ ಬದಲಾವಣೆ ಆ ಒಂದು ಸಲಕ್ಕಷ್ಟೇ, ಹೆದರಬೇಕಿಲ್ಲ. ಒಂದು ಸಲಕ್ಕೆ ಒಂದೇ ಆಯ್ಕೆ ಎಂಬುದನ್ನು ಮಾತ್ರ ಮರೆಯಬೇಡಿ. ಅವಸರಕ್ಕೆ ಎರಡನ್ನು ಒಟ್ಟಿಗೆ ಹಾಕಿ ಗೆದ್ದೆನೆಂದು ಬೀಗಿದ ನಾನು, ಗೆಲ್ಲಿಸಿದ್ದು ಯಾವುದೆಂದು ತಿಳಿಯಲು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಒಮ್ಮೆ ಎದ್ದರೆ ಸಾಲದು, ಹತ್ತು ಸಲವಾದರೂ ಮಲಗಿಸಿ ಎಬ್ಬಿಸಿ. ‘ಆರ್‌ಟಿಸಿವೇಕ್’ ಎಂಬ ಆಜ್ಞೆಗೆ ಇಪ್ಪತ್ತು ಸೆಕೆಂಡು ಎಂದು ಹೇಳಿದರೆ ಅಷ್ಟು ಹೊತ್ತು ಮಲಗಿಸಿ ತಾನೇ ಎಬ್ಬಿಸುತ್ತದೆ. ಮುಚ್ಚಳ ಎತ್ತಿ ಇಳಿಸುವ ಕೆಲಸ ತಪ್ಪುತ್ತದೆ.

ಮದ್ದು ಸಿಕ್ಕಿತೆನ್ನೋಣ. ಇನ್ನು ಅದನ್ನು ಕರ್ನಲ್‌ನೊಳಗೇ ಬರೆದಿಡಬೇಕು, ಆದರೆ ಅದು ನಿಮ್ಮ ಮಾದರಿಯ ಯಂತ್ರಕ್ಕೆ ಮಾತ್ರ ತಗಲಬೇಕು. ಹಾಗಾಗಿ ತಯಾರಕರ ಹೆಸರು, ಮಾದರಿ, ಬೋರ್ಡ್ ಹೆಸರುಗಳನ್ನು ಓದಿಕೊಳ್ಳಬೇಕು. ಯಂತ್ರದೊಳಗೆ ತಯಾರಕರು ಬರೆದಿಟ್ಟ ಡಿಎಂಐ ಎಂಬ ಮಾಹಿತಿಯಲ್ಲಿ ಇವೆಲ್ಲ ಇರುತ್ತವೆ. ಇಲ್ಲೊಂದು ತಮಾಷೆ: ಕೆಲವು ಯಂತ್ರಗಳಲ್ಲಿ ಮಾದರಿಯ ಹೆಸರಿರಬೇಕಾದ ಕಡೆ ‘ಇದನ್ನು ತಯಾರಕರು ತುಂಬಬೇಕು’ ಎಂಬರ್ಥದ ಇಂಗ್ಲಿಷ್ ವಾಕ್ಯವೇ ಉಳಿದಿರುತ್ತದೆ. ಅದನ್ನೇ ಗುರುತಾಗಿ ಹಿಡಿದರೆ ಹಾಗೆಯೇ ಬಿಟ್ಟ ಊರವರ ಯಂತ್ರಗಳಿಗೆಲ್ಲ ನಿಮ್ಮ ಮದ್ದು ಬೀಳುತ್ತದೆ. ಇನ್ನೊಂದು ಹೊಂಡವೂ ಉಂಟು. ಕರ್ನಲ್‌ನ ಸಾಮಾನ್ಯ ಹೋಲಿಕೆ ಪದದ ತುಣುಕನ್ನೂ ಒಪ್ಪುತ್ತದೆ. ‘ಎಕ್ಸ್1’ ಎಂದು ಬರೆದರೆ ‘ಎಕ್ಸ್100’ ಕೂಡ ಸಿಕ್ಕಿಬೀಳುತ್ತದೆ. ಅಂಥಲ್ಲಿ ಹೆಸರು ಪೂರ್ತಿ ಹೊಂದಿದರೆ ಮಾತ್ರ ಒಪ್ಪುವ ಮ್ಯಾಕ್ರೋ (ಕೋಡ್‌ನ ಸಿದ್ಧ ತುಣುಕು) ಬಳಸಿ.

ಕೋಡ್ ಬರೆಯುವುದು ಎಲ್ಲಕ್ಕಿಂತ ಚಿಕ್ಕ ಕೆಲಸ. ಕರ್ನಲ್ ಮೂಲದ ‘ಡ್ರೈವರ್ಸ್’ ಒಳಗೆ ‘ಇನ್‌ಪುಟ್’, ಅದರೊಳಗೆ ‘ಸೀರಿಯೋ’. ಅಲ್ಲಿನ ಐ8042 ಹೆಡರ್ ಕಡತವೊಂದರಲ್ಲಿ ಇಂಥ ಹಟಮಾರಿ ಯಂತ್ರಗಳ ಉದ್ದ ಕೋಷ್ಟಕವಿದೆ. ಪಕ್ಕದ ನಮೂದನ್ನು ನಕಲು ಮಾಡಿ ಹೆಸರು, ಆಯ್ಕೆ ಬದಲಿಸಿದರೆ ಆಯಿತು. ಕೋಷ್ಟಕದ ಕೊನೆಯಲ್ಲಿರುವ ಖಾಲಿ ನಮೂದು ಪೂರ್ಣವಿರಾಮವಿದ್ದಂತೆ. ಅದರ ಕೆಳಗೆ ಬರೆದದ್ದನ್ನು ಕರ್ನಲ್ ನೋಡುವುದೇ ಇಲ್ಲ.

ಈಗಿರುವ ಕರ್ನಲ್‌ನ ಸಂರಚನಾ ಕಡತವನ್ನೇ ನಕಲು ಮಾಡಿಕೊಂಡು ಕಂಪೈಲ್ ಮಾಡಿ. ಹಳೆಯ ಕರ್ನಲ್ ಅಳಿಸಬೇಡಿ. ಹೊಸದರಲ್ಲಿ ಶುರುಮಾಡುವಾಗ ಗ್ರಬ್‌ನಲ್ಲಿ ಏನನ್ನೂ ಸೇರಿಸದೆ ಮತ್ತೆ ಹತ್ತು ಸಲ ಮಲಗಿಸಿ ಎಬ್ಬಿಸಿ.

ಕೀಲಿಮಣೆ ಪ್ರತಿ ಸಲವೂ ಎದ್ದರೆ ನಿಮ್ಮ ಈ ಬದಲಾವಣೆಯನ್ನು, ಅಂದರೆ ತೇಪೆಯನ್ನು (ಪ್ಯಾಚ್), ಮೂಲ ಕರ್ನಲ್‌ಗೆ ಕಳಿಸಬಹುದು. ಕರ್ನಲ್ ಮೂಲದಲ್ಲೇ ಇರುವ ಎರಡು ಸ್ಕ್ರಿಪ್ಟ್‌ಗಳಲ್ಲಿ ‘ಚೆಕ್‌ಪ್ಯಾಚ್’ ಶೈಲಿಯ ತಪ್ಪು ಹೇಳುತ್ತದೆ, ‘ಗೆಟ್ ಮೇಂಟೇನರ್’ ಯಾರಿಗೆ ಕಳಿಸಬೇಕೆಂದು ಹೇಳುತ್ತದೆ. ವಿವರಣೆಯಲ್ಲಿ ಯಾವ ಮಾದರಿ, ಯಾವಾಗ ಕೀಲಿಮಣೆ ಸಾಯುತ್ತದೆ, ಯಾವ ಒಂದು ಆಯ್ಕೆಯಿಂದ ಸರಿಯಾಯಿತು ಎಂಬುದನ್ನು ಬರೆದು, ಕೊನೆಗೆ ನಿಮ್ಮ ಹೆಸರಿನ ‘ಸೈನ್ಡ್ ಆಫ್ ಬೈ’ ಸಾಲು (ಈ ಕೋಡ್ ಕಳಿಸುವ ಹಕ್ಕು ನನಗಿದೆ ಎಂಬ ಸಹಿ) ಹಾಕಿ.